ಹಿಡಿ ಜೋಳದ ಲೆಕ್ಕ

ಯಲಬುರ್ಗಾ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ದೇವಾಲಯವೆಂಬ ಮಾತು ಕಿವಿಗೆ ಬಿದ್ದೊಡನೆ ಕಣ್ಣಮುಂದೆ ನಿಲ್ಲುವುದು ಇಟಗಿಯ ಮಹಾದೇವಾಲಯವೇ ಸರಿ. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನೆಂಬವನು ಕ್ರಿ. ಶ. 1112ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿದೆ. ಕಣ್ಣಾರೆ ಕಂಡವರು ಆ ಹೊಗಳಿಕೆಯನ್ನು ಅತಿಶಯೋಕ್ತಿಯೆನ್ನಲಾರರು. ನಮ್ಮ ಯಲಬುರ್ಗಾವೇ ಎರಂಬರಗೆಯೆಂಬ ಹೆಸರಿನಿಂದ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಇಂತಹ ಸೀಮೆಯಲ್ಲಿ, ದಾನಶಾಸನದ ಕಲ್ಲುಗಳ ನಡುವೆ ಆಡಿ ಬೆಳೆದುದರಿಂದಲೋ ಏನೋ, ದೇವರಿಗೆಂದು ಒಂದು ಮನೆ ಏಳಬೇಕಾದರೆ ಅದರ ಹಿಂದೆ ಒಬ್ಬ ಸಿರಿವಂತನ ಕೈ ಇರಲೇಬೇಕೆಂಬ ನಂಬಿಕೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಕ್ರೈಸ್ತರ ಪ್ರಾರ್ಥನಾಮಂದಿರಗಳ ವಿಷಯದಲ್ಲಂತೂ ಆ ಸಿರಿವಂತನು ಅಮೇರಿಕೆಯಲ್ಲಿಯೋ ವಿಲಾಯತಿಯಲ್ಲಿಯೋ ಕುಳಿತಿರುವನೆಂದು ವಿಚಾರಿಸದೆಯೇ ತೀರ್ಮಾನಿಸಿಬಿಟ್ಟಿದ್ದೆವು. ಈ ತೀರ್ಮಾನವು ಹೇಗೆ ಸಡಿಲಿತೆಂಬುದನ್ನೂ, ಅದರ ಜೊತೆಗೆ ನಮ್ಮದೇ ಒಂದು ಹಳೆಯ ತಪ್ಪು ಹೇಗೆ ಹೊರಬಿದ್ದಿತೆಂಬುದನ್ನೂ ವಾಚಕರ ಮುಂದೆ ಇಡಬೇಕೆಂದು ಬರೆಯಲು ಕುಳಿತಿದ್ದೇವೆ.

ಕಳೆದ ದೀಪಾವಳಿಯ ತರುವಾಯ ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಒಬ್ಬ ಗೃಹಸ್ಥರು ಬಂದು ನಿಂತರು. ಕಿವಿಯ ಬಳಿ ಕೂದಲು ನರೆತಿತ್ತು. ಕೈಯಲ್ಲಿ ಬಟ್ಟೆಯ ಚೀಲವೊಂದಿತ್ತು. "ಸರ, ಗುರ್ತು ಸಿಕ್ತೇನ್ರಿ?" ಎಂದರು. ಸಿಗಲಿಲ್ಲ. ಹೆಸರು ಹೇಳಿದ ಮೇಲೆ ಸಿಕ್ಕಿತು. ಸಿಕ್ಕಿದೊಡನೆ ಎದೆಯೊಳಗೆ ಏನೋ ಕುಸಿದಂತಾಯಿತು. ಆತನು ಒಂದು ಕಾಲಕ್ಕೆ ನಮ್ಮ ಶಿಷ್ಯ. ಈಗ ತಾನೂ ಒಂದು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿರುವನು. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆವು. ಕುಶಲಪ್ರಶ್ನೆಗಳು ಮುಗಿದ ಮೇಲೆ ಆತನು ಚೀಲದಿಂದ ಒಂದು ಹಸ್ತಪ್ರತಿಯನ್ನೂ, ಕೆಂಪು ಬಟ್ಟೆಯ ರಟ್ಟು ಹಾಕಿದ ನಾಲ್ಕು ಹಳೆಯ ಕಿರ್ದಿ ಪುಸ್ತಕಗಳನ್ನೂ ಹೊರತೆಗೆದನು.

"ನಮ್ಮ ಸಭೀದು ಒಂದು ಚರಿತ್ರೆ ಪುಸ್ತಕ ಅಚ್ಚು ಮಾಡಸಾಕತ್ತೀವ್ರಿ. ಅದರಾಗಿನ ಕನ್ನಡ ನೀವ ತಿದ್ದಿ ಕೊಡಬೇಕು ಅಂತ ಅಪ್ಪನ ಆಸೆ ಐತ್ರಿ" ಎಂದನು.

ತಿದ್ದುವ ಕೆಲಸಕ್ಕೆ ನಮ್ಮನ್ನೇ ಏಕೆ ಆರಿಸಿದರೆಂದು ನಾವು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಏಕೆಂದರೆ ಆತನ ಕನ್ನಡವನ್ನು ನಾವು ಹಿಂದೊಮ್ಮೆ ತಿದ್ದಿದ್ದೆವು.

ಅದನ್ನು ಹೇಳಿಯೇ ಮುಂದುವರಿಯುವುದು ಲೇಸು. 1991ರಲ್ಲಿ ನಾವು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆವು. ಆಗ ಯಲಬುರ್ಗಾವೂ ಅದೇ ಜಿಲ್ಲೆಗೆ ಸೇರಿತ್ತು. ಕೊಪ್ಪಳವು ಬೇರೆ ಜಿಲ್ಲೆಯಾದುದು 1997ರಲ್ಲಿ. ವಯಸ್ಸು ಚಿಕ್ಕದು; ಅಮರಕೋಶ, ಸಿದ್ಧಾಂತಕೌಮುದಿಗಳನ್ನು ಗುರುಮುಖದಿಂದ ಓದಿದ್ದ ಗರ್ವ ಮಾತ್ರ ದೊಡ್ಡದು. ಒಂಬತ್ತನೆಯ ತರಗತಿಗೆ ಸುಗ್ಗಿಯ ವಿಷಯವಾಗಿ ಪ್ರಬಂಧವನ್ನು ಬರೆಯಹೇಳಿದ್ದೆವು. ಈ ಹುಡುಗನು ತಮ್ಮ ಸಭೆಯ ಸುಗ್ಗಿಯ ಹಬ್ಬವನ್ನು ವರ್ಣಿಸುತ್ತ, ಆ ದಿನ ತನ್ನ ತಂದೆಯು ಸುವಾರ್ತೆಯನ್ನು ಸಾರುವರೆಂದು ಬರೆದಿದ್ದನು. ಆತನ ತಂದೆ ಆ ಊರಿನ ಮೆಥೊಡಿಸ್ಟ್ ಸಭೆಯ ಉಪದೇಶಿ. ನಾವು ಆ ಹಾಳೆಯನ್ನು ಎತ್ತಿ ಹಿಡಿದು ತರಗತಿಗೆ ಓದಿ ಹೇಳಿ, "ಇದು ಪಾದ್ರಿ ಕನ್ನಡ" ಎಂದೆವು. ಅಷ್ಟಕ್ಕೇ ಬಿಡಲಿಲ್ಲ. ವಾರ್ತಾ ಎಂಬ ಶಬ್ದಕ್ಕೆ ಕೌಟಿಲ್ಯನು ಕೃಷಿ, ಪಶುಪಾಲನೆ, ವಾಣಿಜ್ಯ ಎಂಬ ಅರ್ಥವನ್ನು ಹೇಳಿರುವನೆಂದು ವಿವರಿಸಿ, "ನಿಮ್ಮಪ್ಪ ಸಾರುವುದು ಯಾವುದನ್ನು? ಎಮ್ಮೆಯನ್ನೋ, ಎಳ್ಳಿನ ಧಾರಣೆಯನ್ನೋ?" ಎಂದು ಕೇಳಿದೆವು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗನು ತಲೆಯೆತ್ತಲಿಲ್ಲ. ಅಂದಿನಿಂದ ಶಾಲೆಯಲ್ಲಿ ಅವನಿಗೆ ಎಮ್ಮೆ ಪಾದ್ರಿಯೆಂಬ ಅಡ್ಡಹೆಸರು ನಿಂತುಹೋಯಿತು.

ಎರಡು ದಿನಗಳ ಮೇಲೆ ತಂದೆಯೇ ಶಾಲೆಗೆ ಬಂದರು. ಜಗಳಕ್ಕೆ ಬಂದಿರುವರೆಂದು ನಾವು ಉತ್ತರವನ್ನು ಸಿದ್ಧಪಡಿಸಿಕೊಂಡೆವು. ಅವರು ಕೈಮುಗಿದು, "ನೀವು ಹೇಳಿದ ಮಾತು ಹುಡುಗ ಮನ್ಯಾಗ ಹೇಳಿದ್ರಿ ಮಾಸ್ತರ್ರ. ಆ ಶಬ್ದದಾಗ ಒಕ್ಕಲುತನಾನೂ ಐತಿ ಅಂತ ನಮಗ ಗೊತ್ತಿದ್ದಿಲ್ಲ. ಭಾಳ ಚಲೋ ಮಾತು. ಬರೋ ಐತವಾರ ನಮ್ಮ ಸುಗ್ಗಿ ಹಬ್ಬ, ನೀವು ಬರಬೇಕು" ಎಂದರು. ಮುಖದಲ್ಲಿ ವ್ಯಂಗ್ಯವನ್ನು ಹುಡುಕಿದೆವು. ಇರಲಿಲ್ಲ.

ಆ ಹಬ್ಬದ ಸಂಗತಿಯನ್ನು ಆಮೇಲೆ ಹೇಳುವೆವು. ಮೊದಲು ಹಸ್ತಪ್ರತಿಯ ಮಾತು. ನಮ್ಮ ಶಿಷ್ಯನು ತನ್ನ ಹಳ್ಳಿಯ ಸಭೆಯ ಕಥೆಯನ್ನು ಇಂಗ್ಲಂಡಿನಿಂದ ಪ್ರಾರಂಭಿಸಿದ್ದನು. ಇದೇನು, ಅಗಸೆಯ ಬೇವಿನ ಮರದ ಕಥೆಗೆ ಸಮುದ್ರೋಲ್ಲಂಘನವೇಕೆಂದು ಮೊದಮೊದಲು ಬೇಸರಗೊಂಡೆವು. ತಿದ್ದುವವನು ವಿಷಯವನ್ನು ತಿಳಿಯದೆ ತಿದ್ದಬಾರದಾದುದರಿಂದ ನಾವೂ ಕೆಲವು ಗ್ರಂಥಗಳನ್ನು ತರಿಸಿ ಓದಿದೆವು. ಓದಿದಷ್ಟೂ ಆತನು ಪ್ರಾರಂಭಿಸಿದ ಸ್ಥಳವೇ ಸರಿಯೆಂದು ತೋರಿತು.

ಜಾನ್ ವೆಸ್ಲಿ 1703ರಲ್ಲಿ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವನು. ಆಕ್ಸ್‌ಫರ್ಡಿನ ವಿದ್ಯಾಪೀಠದಲ್ಲಿ ಆತನೂ ಆತನ ತಮ್ಮ ಚಾರ್ಲ್ಸನೂ ಕೆಲವು ಸಂಗಡಿಗರೂ ಇಂತಿಷ್ಟು ಹೊತ್ತಿಗೆ ಪ್ರಾರ್ಥನೆ, ಇಂತಹ ದಿನ ಉಪವಾಸ, ಇಂತಹ ದಿನ ಸೆರೆಮನೆಯವರ ಭೇಟಿ ಎಂದು ಕಟ್ಟುನಿಟ್ಟಾಗಿ ನಡೆಯುತ್ತಿದ್ದುದನ್ನು ಕಂಡು ಉಳಿದ ವಿದ್ಯಾರ್ಥಿಗಳು ಅವರನ್ನು ಮೆಥೊಡಿಸ್ಟರೆಂದು ಹಾಸ್ಯಮಾಡಿದರು. ನಮ್ಮಲ್ಲಿ ಕರ್ಮಠನೆಂದು ಮೂದಲಿಸುವಂತೆಯೇ ಇದು. ಹಾಸ್ಯದ ಹೆಸರನ್ನೇ ಆ ಜನರು ಇಟ್ಟುಕೊಂಡರು. ಎಮ್ಮೆ ಪಾದ್ರಿಯ ನೆನಪು ನಮಗೆ ಇಲ್ಲಿ ಚುಚ್ಚದೆ ಹೋಗಲಿಲ್ಲ. 1739ರಿಂದ ವೆಸ್ಲಿ ಬ್ರಿಸ್ಟಲ್ ಊರಿನ ಹೊರಬಯಲುಗಳಲ್ಲಿ, ಕಲ್ಲಿದ್ದಲ ಗಣಿಯ ಕೂಲಿಗಾರರ ನಡುವೆ ನಿಂತು ಉಪದೇಶಿಸತೊಡಗಿದನು. ಅಲ್ಲಿ ಒಂದು ಮಂದಿರವನ್ನೂ ಕಟ್ಟಿಸಿದನು. ಕಟ್ಟಿಸಿದ ಮೇಲೆ ಸಾಲ ಉಳಿಯಿತು.

ಈ ಸಾಲದಿಂದಲೇ ಆ ಪಂಥದ ಮುಖ್ಯವಾದ ಏರ್ಪಾಡು ಹುಟ್ಟಿತೆಂಬುದು ನಮಗೆ ಬಹಳ ಸ್ವಾರಸ್ಯವಾಗಿ ಕಂಡಿತು. 1742ರ ಫೆಬ್ರವರಿಯಲ್ಲಿ ಸಭಿಕರು ಸೇರಿ ಸಾಲ ತೀರಿಸುವ ಬಗೆಯನ್ನು ಆಲೋಚಿಸಿದಾಗ, ಪ್ರತಿಯೊಬ್ಬನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಫಾಯ್ ಎಂಬ ಹಡಗಿನ ಕಪ್ತಾನನು ಸೂಚಿಸಿದನಂತೆ. ಅಷ್ಟನ್ನೂ ಕೊಡಲಾರದ ಬಡವರಿರುವರೆಂದು ಒಬ್ಬರು ಆಕ್ಷೇಪಿಸಿದರು. ಹಾಗಾದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಬೇಕೆಂದೂ, ಅವರನ್ನು ವಾರವಾರವೂ ತಾನೇ ಕಂಡು, ಕೊಡಲಾಗದವರ ಪಾಲನ್ನು ತಾನೇ ತುಂಬುವೆನೆಂದೂ ಕಪ್ತಾನನು ಹೇಳಿದನು. ಇತರರೂ ಹಾಗೆಯೇ ಹನ್ನೊಂದು ಹನ್ನೊಂದು ಮಂದಿಯ ಹೊಣೆ ಹೊತ್ತರು. ಪೆನ್ನಿಗೆಂದು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರಲ್ಲಿ ಕುಡಿತ, ಯಾರಲ್ಲಿ ಗಂಡಹೆಂಡಿರ ವ್ಯಾಜ್ಯ ಎಂಬುದೆಲ್ಲ ತಿಳಿದುಬಂದಿತು. ಅಲ್ಲಿಂದ ಮುಂದೆ ಆ ಹನ್ನೆರಡು ಜನರ ವರ್ಗವೇ ಮೆಥೊಡಿಸ್ಟ್ ಸಭೆಯ ಅಡಿಗಲ್ಲಾಯಿತು. ಸಾಲ ತೀರಿದ ಮೇಲೂ ವರ್ಗಗಳು ಉಳಿದವು.

ಕನ್ನಡ ನಾಡಿಗೆ ಈ ಪಂಥವು ಎರಡು ದಾರಿಗಳಿಂದ ಬಂದಿತು. ಜನರು ಇವೆರಡನ್ನೂ ಒಂದೇ ಎಂದು ಬಗೆಯುವುದುಂಟು. ಮೊದಲನೆಯದು ಇಂಗ್ಲಂಡಿನ ವೆಸ್ಲಿಯನ್ ಮಿಷನ್. ಅವರು 1821ರಲ್ಲಿಯೇ ಬೆಂಗಳೂರಿಗೆ ಬಂದರು. 1837ರಲ್ಲಿ ಥಾಮಸ್ ಹಾಡ್ಸನ್ನರು ಗುಬ್ಬಿಯಲ್ಲಿ ಕನ್ನಡದ ಕೆಲಸವನ್ನು ಆರಂಭಿಸಿದರು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಜಾನ್ ಗ್ಯಾರೆಟ್ಟರು 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷು ಮೂರರಲ್ಲಿಯೂ ಒಟ್ಟಿಗೆ ಅಚ್ಚುಮಾಡಿಸಿದರೆಂಬುದನ್ನು ಓದಿದಾಗ ನಾವು ಕನ್ನಡಕವನ್ನು ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಗೀತೆಯನ್ನು ನಿತ್ಯಪಾರಾಯಣ ಮಾಡುವ ನಮಗೆ, ಕನ್ನಡ ಅಚ್ಚಿನಲ್ಲಿ ಅದಕ್ಕಾಗಿ ಅಷ್ಟು ಮುಂಚೆ ದುಡಿದ ಕೈ ಒಬ್ಬ ಮೆಥೊಡಿಸ್ಟ್ ಪಾದ್ರಿಯದೆಂಬುದು ಅರುವತ್ತು ವರ್ಷ ಗೊತ್ತಿರಲಿಲ್ಲ. ಪಾದ್ರಿ ಕನ್ನಡವನ್ನು ಹಳಿಯಲು ಮಾತ್ರ ಗೊತ್ತಿತ್ತು. ಇದೇ ಮಿಷನ್ನಿನವರು 1887ರಲ್ಲಿ ಮೈಸೂರಿನಿಂದ ವೃತ್ತಾಂತ ಪತ್ರಿಕೆಯನ್ನು ಹೊರಡಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅವರದೇ. 1947ರ ಸಪ್ಟಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಈ ವೆಸ್ಲಿಯನರು ಅದರಲ್ಲಿ ಕೂಡಿಹೋದರು.

ಎರಡನೆಯದು ಅಮೇರಿಕೆಯ ದಾರಿ. ನಮ್ಮ ಕಡೆಯ ಮೆಥೊಡಿಸ್ಟರು ಈ ದಾರಿಯವರು. ಕಾಲಿಫೋರ್ನಿಯದಲ್ಲಿ ಬಂಗಾರದ ಹುಚ್ಚು ಹಬ್ಬಿದ್ದ ಕಾಲದಲ್ಲಿ ಸಾನ್‌ಫ್ರಾನ್ಸಿಸ್ಕೋ ಊರಿನ ಬೀದಿಗಳಲ್ಲಿ ನಿಂತು ಉಪದೇಶಿಸುತ್ತಿದ್ದ ವಿಲಿಯಂ ಟೇಲರ್ ಎಂಬವರು 1870ರಲ್ಲಿ ಹಿಂದೂಸ್ಥಾನಕ್ಕೆ ಬಂದರು. ಮುಂಬಯಿಯಲ್ಲಿ ಸಭೆ ಕೂಡಿಸಿ, 1874ರಲ್ಲಿ ಬೆಂಗಳೂರಿಗೂ ಬಂದರು. ಇವರದೊಂದು ಹಟವಿತ್ತು. ಸಭೆಯ ಖರ್ಚು ಸಭೆಯದು. ಪಾಳಕನಿಗೆ ಸಂಬಳ ಕೊಡಬೇಕಾದವರು ಆತನ ಉಪದೇಶವನ್ನು ಕೇಳುವವರು. ಸಮುದ್ರದಾಚೆಯಿಂದ ಹಣ ತರಿಸಬಾರದು. ಟೇಲರರ ಸಭಿಕರು ಬಹುಮಟ್ಟಿಗೆ ಇಂಗ್ಲಿಷು ಬಲ್ಲವರು, ಅವರಲ್ಲಿ ರೈಲ್ವೆ ನೌಕರರು ಅನೇಕರು. ಅವರಿಂದ ಇದು ಸಾಗಿತು. ಕೂಲಿನಾಲಿಯ ಹಳ್ಳಿಗರ ನಡುವೆ ಕೆಲಸ ಹಬ್ಬಿದ ಮೇಲೆ ಆ ನಿಯಮ ಪೂರ್ತಿಯಾಗಿ ನಿಲ್ಲಲಿಲ್ಲ. ಅಮೇರಿಕೆಯ ಹಣವೂ ಬಂದಿತು, ಆ ಹಣದಿಂದ ಶಾಲೆಗಳೂ ಆಸ್ಪತ್ರೆಗಳೂ ಆದವು. ಇಲ್ಲವೆಂದರೆ ಸುಳ್ಳಾಗುವುದು. ಆದರೆ ಆ ಅಮೇರಿಕೆಯ ಹಣವಾದರೂ ಎಂತಹದು? 1869ರಲ್ಲಿ ಬಾಸ್ಟನ್ ನಗರದಲ್ಲಿ ಬೆರಳೆಣಿಕೆಯ ಹೆಂಗಸರು ಕೂಡಿ ಒಂದು ಸಂಘವನ್ನು ಕಟ್ಟಿಕೊಂಡರು. ವಾರಕ್ಕೆ ಎರಡು ಸೆಂಟು, ಅದರೊಡನೆ ಒಂದು ಪ್ರಾರ್ಥನೆ, ಇದೇ ಅವರ ವಂತಿಗೆ. ಆ ಎರಡು ಸೆಂಟುಗಳು ಕೂಡಿ ಇಸಬೆಲ್ಲಾ ಥೋಬರ್ನ್ ಎಂಬ ಉಪಾಧ್ಯಾಯಿನಿಯನ್ನೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನೂ 1870ರಲ್ಲಿ ಈ ದೇಶಕ್ಕೆ ತಂದವು. ನಾವು ದಂಡನಾಯಕನನ್ನು ಹುಡುಕುತ್ತಿದ್ದೆಡೆಯಲ್ಲಿ ಸಿಕ್ಕಿದುದು ಅಡಿಗೆಮನೆಯ ಉಳಿತಾಯ.

ಟೇಲರರು 1875ರಲ್ಲಿ ಹೊರಟುಹೋದರು. ಸಭೆಗಳು ಉಳಿದವು. ಮುಂಬಯಿಯಿಂದ ಬಂದ ರೈಲುಮಾರ್ಗವೂ ಮದ್ರಾಸಿನಿಂದ ಬಂದುದೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. ಕಲಬುರ್ಗಿ, ರಾಯಚೂರುಗಳಲ್ಲಿ ಮೆಥೊಡಿಸ್ಟ್ ಸಭೆಗಳು ಬೇರೂರಲು ಆ ಕಂಬಿಗಳೂ ಕಾರಣವೆಂದು ನಮ್ಮ ಊಹೆ. ರೈಲು ಇಲ್ಲದ ಬೀದರಕ್ಕೂ ಅವರು ಹೋದರೆಂಬುದು ನಮ್ಮ ಊಹೆಗೆ ಸ್ವಲ್ಪ ವಿರೋಧವೇ, ಇರಲಿ. ಬೆಳಗಾವಿಯ ಕಥೆ ಬೇರೆ. ಅಲ್ಲಿ 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರರು (ಇವರು ಬೇರೆ ಟೇಲರರು) ಬಳ್ಳಾರಿಯಿಂದ ಹೋಗಿ ಕೆಲಸವನ್ನಾರಂಭಿಸಿದ್ದರು; 1904ರಲ್ಲಿ ಆ ಮಿಷನ್ನು ತನ್ನ ಶಾಲೆ, ಸಭೆಗಳನ್ನೆಲ್ಲ ಮೆಥೊಡಿಸ್ಟರಿಗೆ ಒಪ್ಪಿಸಿಕೊಟ್ಟಿತು. ಮನೆತನ ನಿಲ್ಲಲಾರದೆ ಹೋದಾಗ ಹೊಲವನ್ನು ನೆಂಟರ ಕೈಗೆ ಒಪ್ಪಿಸಿ ಹೋಗುವಂತೆ. ನಮ್ಮ ಯಲಬುರ್ಗಾವು ಪಡುವಣಕ್ಕೆ 1841ರಲ್ಲಿ ಗದಗಿನ ಬೆಟಗೇರಿಯಲ್ಲಿ ನೆಲೆಸಿದ ಬಾಸೆಲ್ ಮಿಷನ್, ತೆಂಕಣಕ್ಕೆ 1810ರಿಂದ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್, ಮೂಡಣಕ್ಕೆ ರಾಯಚೂರಿನ ಮೆಥೊಡಿಸ್ಟರು, ಈ ಮೂವರ ನಡುವೆ ನಿಂತ ಊರು. 1947ರ ಐಕ್ಯದಲ್ಲಿ ಅಮೇರಿಕೆಯ ಶಾಖೆಯವರು ಸೇರಲಿಲ್ಲ. ಬೇರೆಯಾಗಿಯೇ ಉಳಿದು, 1981ರ ಜನವರಿಯಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂದು ಸ್ವತಂತ್ರರಾದರು. ಆದುದರಿಂದಲೇ ಇಂದು ಮೈಸೂರಿನಲ್ಲಿ ಮೆಥೊಡಿಸ್ಟ್ ಎಂಬ ಹೆಸರು ಅಪರೂಪ. ರಾಯಚೂರು, ಬೀದರ, ಬೆಳಗಾವಿಗಳಲ್ಲಿ ನಿತ್ಯದ ಮಾತು.

ಇಷ್ಟು ದೂರ ಓದಿ ಬಂದ ಮೇಲೆ ಆ ಕೆಂಪು ರಟ್ಟಿನ ಕಿರ್ದಿಗಳನ್ನು ಬಿಚ್ಚಿದೆವು. ಹಳ್ಳಿಯ ಹೆಸರನ್ನು ಬೇಕೆಂದೇ ಹೇಳುವುದಿಲ್ಲ. ಸಭೆಯ ಆರಂಭವು ಊರ ಹೊರಗಿನ ಕೇರಿಯ ಬೇವಿನ ಮರದ ಕೆಳಗಾಯಿತೆಂದಷ್ಟೇ ಹೇಳಿದರೆ ಸಾಕು. ಏಳು ಮನೆಗಳವರು. ಅವರಿಗೆ ಊರ ಬಾವಿಯ ನೀರಿರಲಿಲ್ಲ, ಗುಡಿಯ ಮೆಟ್ಟಲಿರಲಿಲ್ಲ, ಮಠದ ಪಂಕ್ತಿಯಿರಲಿಲ್ಲ. ದೀಕ್ಷಾಸ್ನಾನವಾದ ಮೇಲೂ ಬಾವಿ ಸಿಗಲಿಲ್ಲ, ಬಾವಿಯವರು ಬದಲಾಗಿರಲಿಲ್ಲವಲ್ಲ. 1950ರ ರಾಷ್ಟ್ರಾಧ್ಯಕ್ಷರ ಆಜ್ಞೆಯ ಪ್ರಕಾರ ಅನುಸೂಚಿತ ಜಾತಿಗಳೆಂಬ ಎಣಿಕೆಯು ಹಿಂದೂಗಳಿಗೆ ಮಾತ್ರ ಸಲ್ಲತೊಡಗಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಹೀಗೆ ಊರವರ ಲೆಕ್ಕದಲ್ಲಿ ಆ ಏಳು ಮನೆಗಳು ಹಳೆಯ ಜಾತಿಯಲ್ಲಿಯೇ ಉಳಿದವು, ಸರಕಾರದ ಲೆಕ್ಕದಲ್ಲಿ ಮಾತ್ರ ಅದರಿಂದ ಹೊರಬಿದ್ದವು. ನಮ್ಮ ಶಿಷ್ಯನು ಇದನ್ನು ಎರಡೇ ವಾಕ್ಯಗಳಲ್ಲಿ, ದೂರಿನ ಧ್ವನಿಯಿಲ್ಲದೆ ಬರೆದಿದ್ದನು. ಆ ವಾಕ್ಯಗಳಲ್ಲಿ ತಿದ್ದಲು ನಮಗೆ ಏನೂ ಸಿಗಲಿಲ್ಲ.

ಕಿರ್ದಿಗಳ ಪುಟಪುಟದಲ್ಲಿಯೂ ಒಂದೇ ಬಗೆಯ ಬರಹ. ಎಡಕ್ಕೆ ಮನೆಯ ಹೆಸರು, ಬಲಕ್ಕೆ ಜೋಳ. ಹೆಂಗಸರು ದಿನವೂ ರೊಟ್ಟಿಗೆಂದು ಹಿಟ್ಟು ಬೀಸಲು ಕೂತಾಗ ಒಂದು ಹಿಡಿ ಜೋಳವನ್ನು ಗಡಿಗೆಯಲ್ಲಿ ತೆಗೆದಿಡುವರು. ಶನಿವಾರ ಉಪದೇಶಿ ಮನೆಮನೆಗೆ ಹೋಗಿ ಅದನ್ನು ಅಳೆದು ತರುವರು. ಒಂದು ಪಾವು, ಅರ್ಧ ಸೇರು, ಒಂದು ಸೇರು. ನಡುನಡುವೆ ಜೋಳದ ಅಂಕಣ ಬರಿದಾಗಿರುವುದುಂಟು. ಆಗ ಅದರ ಮುಂದೆ ಸಣ್ಣ ಅಕ್ಷರದಲ್ಲಿ ಕಾರಣ: ಬಾಣಂತಿ, ಜ್ವರ, ಗುಳೆ ಹೋಗ್ಯಾರ, ಈ ವಾರ ಸಭೆಯಿಂದಲೇ ಅವರಿಗೆ ಎರಡು ಸೇರು ಕೊಟ್ಟಿದೆ. ಬ್ರಿಸ್ಟಲಿನ ಕಪ್ತಾನನು ಹನ್ನೊಂದು ಮನೆಗಳ ಬಾಗಿಲಲ್ಲಿ ಪೆನ್ನಿಗೆಂದು ನಿಂತು ಕಂಡುದನ್ನೇ ಈ ಉಪದೇಶಿಯೂ ಏಳು ಮನೆಗಳ ಬಾಗಿಲಲ್ಲಿ ಕಂಡಿದ್ದರು. ಬರಗಾಲದ ಒಂದು ವರ್ಷ ಮೂರು ತಿಂಗಳು ಬಲಗಡೆ ಒಂದೇ ಒಂದು ಅಂಕಿಯಿಲ್ಲ. ಎಡಗಡೆ ಮನೆಗಳ ಹೆಸರುಗಳನ್ನು ಮಾತ್ರ ವಾರವಾರವೂ ತಪ್ಪದೆ ಬರೆದಿದೆ. ಅಳೆಯಲು ಏನೂ ಇಲ್ಲದಾಗಲೂ ಆ ಮನುಷ್ಯರು ಬಾಗಿಲುಗಳಿಗೆ ಹೋಗುವುದನ್ನು ಬಿಟ್ಟಿರಲಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮ ಸುತ್ತಣ ಹಳ್ಳಿಗಳವರು ಗಾಡಿಗಟ್ಟಲೆ ರೊಟ್ಟಿಗಳನ್ನು ತಟ್ಟಿ ಕಳುಹುವುದನ್ನು ಬಲ್ಲ ನಮಗೆ ಇದು ಹೊಸದಾಗಿ ಕಾಣಬೇಕಾಗಿರಲಿಲ್ಲ. ನಮ್ಮ ಸೀಮೆಯ ಜೋಳ ಯಾವ ದೇವರ ಹೆಸರಿಗೂ ಹಿಂದುಳಿದುದಲ್ಲ. ಹೀಗಿದ್ದರೂ ಒಂದರಲ್ಲಿ ಭಕ್ತಿಯನ್ನೂ ಮತ್ತೊಂದರಲ್ಲಿ ಡಾಲರನ್ನೂ ಕಂಡಿದ್ದೆವು. ಈ ಜೋಳವನ್ನು ಮಾರಿ ಬಂದ ಹಣದಿಂದ ಮೊದಲು ಮಣ್ಣಿನ ಗೋಡೆ, ಬಹುಕಾಲದ ಮೇಲೆ ಹಂಚಿನ ಮಾಡು, ಇನ್ನೂ ಕಡೆಗೆ ಒಂದು ಗಂಟೆ. ಏಳು ಮನೆಗಳು ಈಗ ನಲವತ್ತಕ್ಕೆ ಮೀರಿವೆಯೆಂದು ಹಸ್ತಪ್ರತಿ ಹೇಳುವುದು. ರಾತ್ರಿ ಶಾಲೆಯಲ್ಲಿ ಓದು ಕಲಿತ ಮೊದಲ ಹೆಂಗಸು ಈ ಶಿಷ್ಯನ ಅಜ್ಜಿ. ಎರಡನೆಯ ಕಿರ್ದಿಯ ಅಕ್ಷರಗಳು ಆಕೆಯವು. ಕಾಗುಣಿತ ಶುದ್ಧವಾಗಿಲ್ಲ, ಲೆಕ್ಕ ಶುದ್ಧವಾಗಿದೆ.

ಇನ್ನು ಆ ಸುಗ್ಗಿಯ ಹಬ್ಬ. 1991ರ ಆ ಐತವಾರ ನಾವು ಹೋದೆವು. ಅದೇ ಹಂಚಿನ ಮಾಡಿನ ಮಂದಿರ. ಮುಂಗಟ್ಟೆಯ ಮೇಲೆ ಜೋಳದ ತೆನೆ, ಕಡಲೆಗಿಡ, ಕುಂಬಳಕಾಯಿ, ಮೆಣಸಿನಕಾಯಿ, ಕೋಳಿಮೊಟ್ಟೆ, ಒಂದು ಆಡಿನ ಮರಿ. ಪ್ರಾರ್ಥನೆಯಾದ ಮೇಲೆ ಸವಾಲು. ಒಬ್ಬ ಮುದುಕಿ ತಂದ ಒಂದು ಮೊಟ್ಟೆಯನ್ನು ಸವಾಲಿನಲ್ಲಿ ಕೊಂಡವನು ಸಭೆಗೇ ಹಿಂದಿರುಗಿಸಿದನು. ಮತ್ತೆ ಸವಾಲು, ಮತ್ತೆ ಹಿಂದಿರುಗಿಸಿದರು. ಹೀಗೆ ನಾಲ್ಕು ಸಲ ಒಂದೇ ಮೊಟ್ಟೆ ಮಾರಾಟವಾಯಿತು. ಹಿಂದಿರುಗಿಸುವುದು ಅಲ್ಲಿಯ ಪದ್ಧತಿ. ಬಡವರು ತಂದ ವಸ್ತುವಿಗೆ ಬೆಲೆ ಏರಿಸುವ ಉಪಾಯ. ನಮಗೆ ಉತ್ಸಾಹ ಬಂದಿತು. ಉಪದೇಶಿಯವರ ಹಿತ್ತಲಿನ ಒಂದು ಹೀರೇಕಾಯಿಗೆ ಒಂದು ರೂಪಾಯಿಯಿಂದ ಹನ್ನೊಂದರವರೆಗೆ ಕೂಗಿ ಗೆದ್ದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗನೇ ಕಾಯಿಯನ್ನು ಎರಡೂ ಕೈಗಳಲ್ಲಿ ಹಿಡಿದು ತಂದು ನಮ್ಮ ಮುಂದೆ ನಿಂತನು.

ನಾವು ಕೈ ಚಾಚಲಿಲ್ಲ.

ಅಪಕ್ವವಾದ ಕಾಯಿಪಲ್ಲೆಗೆ ಶಾಸ್ತ್ರದಲ್ಲಿ ದೋಷವಿಲ್ಲವೆಂದು ನಾವು ಚೆನ್ನಾಗಿ ಬಲ್ಲೆವು. ಆ ಕಾಯಿಯನ್ನು ಹಿಡಿದು ಅಗ್ರಹಾರದ ಓಣಿಯಲ್ಲಿ ನಡೆದುಹೋಗುವಾಗ ಎಲ್ಲಿಂದ ತಂದಿರೆಂದು ಯಾರಾದರೂ ಕೇಳಿಯಾರೆಂಬ ಭಯವೊಂದೇ ನಮ್ಮ ಕೈಯನ್ನು ತಡೆದುದು. "ಇರಲಿ, ಸಭೆಗೇ ಇರಲಿ" ಎಂದು ಹನ್ನೊಂದು ರೂಪಾಯಿಗಳನ್ನು ತಟ್ಟೆಯಲ್ಲಿಟ್ಟು ಹೊರಟುಬಂದೆವು. ಹಿಂದೆ ಮತ್ತೆ ಸವಾಲು ಕೂಗಿದುದು ಕೇಳಿಸಿತು. ಹುಡುಗನ ಮುಖವನ್ನು ನೋಡಲಿಲ್ಲ. ಮರುವರ್ಷ ನಮಗೆ ಬೇರೆ ಊರಿಗೆ ವರ್ಗವಾಯಿತು.

ಹಸ್ತಪ್ರತಿಯ ಐವತ್ತೆರಡನೆಯ ಪುಟದಲ್ಲಿ ಈ ಸಂಗತಿ ಬಂದಿತ್ತು. ತರಗತಿಯ ಅಪಹಾಸ್ಯ ಎಲ್ಲಿಯೂ ಇರಲಿಲ್ಲ. ನಾವು ಎರಡು ಸಲ ಹುಡುಕಿದೆವು. ಇದ್ದುದು ಇಷ್ಟೇ: ಒಬ್ಬ ಸಂಸ್ಕೃತ ಪಂಡಿತರು ಸುಗ್ಗಿಯ ಹಬ್ಬಕ್ಕೆ ಆಗಮಿಸಿ, ಹೀರೇಕಾಯಿಯೊಂದನ್ನು ಸವಾಲಿನಲ್ಲಿ ಕೊಂಡು, ಔದಾರ್ಯದಿಂದ ಅದನ್ನು ಸಭೆಗೇ ಮರಳಿ ಕೊಟ್ಟರು, ಅದರಿಂದ ಒಟ್ಟು ಇಪ್ಪತ್ತು ರೂಪಾಯಿ ಬಂದಿತು. ನಾಲ್ಕನೆಯ ಕಿರ್ದಿಯನ್ನು ತೆಗೆದು ನೋಡಿದೆವು. ಸಂಸ್ಕೃತ ಮಾಸ್ತರರು, ಹೀರೇಕಾಯಿ 1, ರೂ. 11, ಅದೇ ಹೀರೇಕಾಯಿ ಮರುಸವಾಲು, ರೂ. 9.

ಭಾಷೆಯನ್ನು ತಿದ್ದಲು ಒಪ್ಪಿಕೊಂಡವರು ಸಂಗತಿಯನ್ನು ತಿದ್ದಬಹುದೇ? ಆ ಪುಟವನ್ನು ಹದಿನೈದು ದಿನ ಹಾಗೆಯೇ ಇಟ್ಟುಕೊಂಡಿದ್ದೆವು. ನಮ್ಮ ಮನೆಯವರು, "ಅವರ ಹೊಗಳ್ಯಾರ, ನಿಮಗೇನು ಕಷ್ಟ?" ಎಂದರು. ಕಡೆಗೆ ಔದಾರ್ಯದಿಂದ ಎಂಬುದನ್ನು ಹೊಡೆದುಹಾಕಿ, ಅಂಚಿನಲ್ಲಿ ನಡೆದುದನ್ನು ನಡೆದಂತೆ ಬರೆದೆವು. ಕಾಯಿಯನ್ನು ಮುಟ್ಟಲು ಹಿಂಜರಿದು ಬಿಟ್ಟುಹೋದರೆಂದು ಬರೆದೆವು. ತರಗತಿಯ ಮಾತನ್ನೂ ಸೇರಿಸಿದೆವು.

ಶಿಷ್ಯನು ಪ್ರತಿಯನ್ನು ಒಯ್ಯಲು ಬಂದಾಗ ಆ ಪುಟವನ್ನು ನಾವೇ ತೆಗೆದು ತೋರಿಸಿದೆವು. ಆತನು ನಿಧಾನವಾಗಿ ಓದಿದನು.

"ಇದು ನಮಗ ಗೊತ್ತೈತ್ರಿ ಸರ. ಕಾಯಿ ಹಿಡಕೊಂಡು ನಿಂತಾವ ನಾನ ಅಲ್ರಿ?" ಎಂದನು.

"ಗೊತ್ತಿದ್ದು ಹೀಗೇಕೆ ಬರೆದೆ?"

"ಕಿರ್ದ್ಯಾಗ ಹಂಗ ಐತ್ರಿ. ರೊಕ್ಕ ಬಂದದ್ದಂತೂ ಖರೆ. ಆ ವರ್ಷ ಗಂಟೀಗೆ ಕೂಡಸಾಕತ್ತಿದ್ವಿ. ಇಪ್ಪತ್ತು ರೂಪಾಯಿ ಅಂದ್ರ ಆಗ ಸಣ್ಣದಲ್ರಿ." ಸ್ವಲ್ಪ ತಡೆದು, "ಔದಾರ್ಯ ಅನ್ನೋದು ನಂದು. ಅಪ್ಪ ಬರಿ ಅಂದಿದ್ದಿಲ್ಲ" ಎಂದನು. ಅಚ್ಚಿಗೆ ಯಾವ ಪಾಠವನ್ನು ಕೊಡಬೇಕೆಂಬುದನ್ನು ತಂದೆಯನ್ನು ಕೇಳಿ ತಿಳಿಸುವುದಾಗಿ ಹೇಳಿಹೋದನು.

ಎಂಟು ದಿನಗಳ ಮೇಲೆ ದೂರವಾಣಿಯಲ್ಲಿ ಮಾತನಾಡಿದನು. ತಂದೆಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂದ. ಎರಡೂ ಪಾಠಗಳನ್ನು ಓದಿಸಿ ಕೇಳಿದರಂತೆ. "ಎರಡೂ ಬ್ಯಾಡ, ಕಿರ್ದ್ಯಾಗ ಇದ್ದಷ್ಟು ಹಾಕು. ಮಾಸ್ತರ್ರು ಈ ಸುಗ್ಗೀಗೆ ಬಂದು ಕಾಯಿ ಒಯ್ಯಲಿ, ಅದನ್ನೂ ಕಿರ್ದ್ಯಾಗ ಬರಿ" ಎಂದರಂತೆ.

ಫೆಬ್ರವರಿಯಲ್ಲಿ ಹೋದೆವು. ಮಂದಿರಕ್ಕೆ ಈಗ ಕಾಂಕ್ರೀಟಿನ ಮಾಡಾಗಿದೆ, ಗಂಟೆ ಹಳೆಯದೇ. ಉಪದೇಶಿಯವರು ಕುರ್ಚಿಯಲ್ಲಿ ಕುಳಿತಿದ್ದರು. ನಮ್ಮ ಧ್ವನಿಯನ್ನು ಕೇಳಿ, "ಒಕ್ಕಲುತನದ ಮಾಸ್ತರ್ರು ಬಂದ್ರೇನು?" ಎಂದು ನಕ್ಕು ಕೈಹಿಡಿದುಕೊಂಡರು. ಅವರು ವಾರ್ತಾ ಶಬ್ದದ ಆ ಅರ್ಥವನ್ನು ಮೂವತ್ತು ವರ್ಷಗಳಿಂದ ಪ್ರತಿ ಸುಗ್ಗಿಯ ಉಪದೇಶದಲ್ಲಿಯೂ ಹೇಳುತ್ತ ಬಂದಿರುವರೆಂದು ಪಕ್ಕದಲ್ಲಿ ಕುಳಿತವರೊಬ್ಬರು ತಿಳಿಸಿದರು. ಹಿತ್ತಲಿನ ಹೀರೇಕಾಯಿ ಸವಾಲಿಗೆ ಬಂದಾಗ ನಮ್ಮ ಎದುರು ಕೂಗಲು ಹುಡುಗರ ಗುಂಪೊಂದು ನಿಂತಿತು. ಅವರಿಗೆ ಯಾರೋ ಹೇಳಿಕೊಟ್ಟಿರಬೇಕು. ಮೂರುನೂರು ರೂಪಾಯಿಗೆ ನಿಂತಿತು. ಕಾಯಿಯನ್ನು ಕೈಯಲ್ಲಿಯೇ ಹಿಡಿದುಕೊಂಡು ಬಸ್ಸಿನಲ್ಲಿ ಊರಿಗೆ ಬಂದೆವು. ಎಲ್ಲಿಂದ ತಂದಿರೆಂದು ದಾರಿಯಲ್ಲಿ ಒಬ್ಬರೂ ಕೇಳಲಿಲ್ಲ.

"ಮೂರುನೂರು ರೂಪಾಯಿಗೆ ಇದೊಂದ ಕಾಯಿ ಏನ್ರಿ?" ಎಂದರು ನಮ್ಮ ಮನೆಯವರು. ತುದಿಯ ಕಡೆ ಸ್ವಲ್ಪ ಬಲಿತಿತ್ತು. ಅಷ್ಟನ್ನು ಕೊಯ್ದು ತೆಗೆದು, ಸಿಪ್ಪೆಯನ್ನು ಚಟ್ನಿ ಮಾಡಿ, ಉಳಿದುದನ್ನು ಬೇಳೆಗೆ ಹಾಕಿದರು.